ಅಳತೆಯ ಗೊಂಬೆ ದಪ್ಪಗಾದ ಸುದ್ದಿ

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಕಡ್ಡಿಯ ನಮಸ್ಕಾರ. ನಾನು ಇಲ್ಲಿ ಚೆನ್ನಾಗಿದ್ದೇನೆ. ಎಷ್ಟು ಚೆನ್ನಾಗಿದ್ದೇನೆ ಎನ್ನುವುದೇ ಈ ಕಾಗದದ ವಿಷಯ. ಅಲ್ಲಿ ನೀನು ಹೇಗಿದ್ದೀಯೋ, ಮಂಡಿನೋವು ಎಷ್ಟಕ್ಕೆ ಬಂತೋ ತಿಳಿಯುವ ದಾರಿಯೇ ಇಲ್ಲ, ಯಾಕೆಂದರೆ ನೀನು ಫೋನು ಎತ್ತುವುದಿಲ್ಲ. ಮೊನ್ನೆ ಬೇಕರಿಯ ನಂಬರಿಗೇ ಮಾಡಿದೆ. ಕೌಂಟರಿನ ಹುಡುಗಿ ಎತ್ತಿ, "ಅಕ್ಕ ಓವನ್ ಹತ್ರ ಇದ್ದಾರೆ, ಕೈ ಹಿಟ್ಟಾಗಿದೆಯಂತೆ" ಎಂದಳು. ಹಿಂದಿನಿಂದ ನೀನು ಕೆಮ್ಮಿದ್ದು ನನಗೆ ಕೇಳಿಸಿತು ಕಣೇ. ಅಷ್ಟು ಹತ್ತಿರ ನಿಂತು ಅಷ್ಟು ದೂರದ ಸುಳ್ಳು ಹೇಳಿಸುತ್ತೀಯಲ್ಲ!

ಕಾಗದ ತಡವಾಯಿತು, ಹೊಟ್ಟೆಗೆ ಹಾಕಿಕೋ. ಬರೆಯಲು ಕೂತಾಗೆಲ್ಲ ಎಲ್ಲಿಂದ ಶುರುಮಾಡಲಿ ಎಂದು ಗೊತ್ತಾಗದೆ ಎದ್ದುಬಿಡುತ್ತಿದ್ದೆ. ಆವತ್ತು ಫೋನಿನಲ್ಲಿ "ಅಕ್ಕ, ಇನ್ಮೇಲೆ ರಸ್ಕ್ ಕಳಿಸ್ಬೇಡ" ಎಂದು ಒಂದೇ ಉಸಿರಿಗೆ ಹೇಳಿದೆ. ನೀನು "ಯಾಕೆ, ದೊಡ್ಡ ಅಂಗಡಿ ರಸ್ಕ್ ರುಚಿ ಹತ್ತಿತಾ?" ಎಂದು ನಕ್ಕೆ. ಗೋಧಿ ನನಗೆ ಆಗುವುದಿಲ್ಲ, ಡಾಕ್ಟರು ಪೂರ್ತಿ ಬಿಡಿಸಿದ್ದಾರೆ ಎಂದ ಮೇಲೆ ನಿನ್ನ ದನಿಯೇ ಬದಲಾಯಿತು. "ಅಪ್ಪ ಅಮ್ಮ ಹೋದ್ಮೇಲೆ ನಿನಗೆ ತಿನ್ನಿಸಿ ಬೆಳೆಸಿದ್ದೇ ಅದನ್ನ. ಇಷ್ಟು ವರ್ಷ ಆಗಿದ್ದು ಈಗ ಆಗಲ್ವಾ? ದಿನಾ ಎರಡು ರಸ್ಕ್ ತಿಂದ್ರೆ ಯಾರೂ ಸಾಯಲ್ಲ" ಎಂದು ನೀನೇ ಫೋನು ಇಟ್ಟೆ. ಅಲ್ಲಿಂದ ಇಲ್ಲಿಯವರೆಗೆ ಮೌನವ್ರತ.

ಅದಕ್ಕೇ ಕಾಗದ. ಫೋನಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಇಲ್ಲದಿದ್ದರೆ ಇಟ್ಟುಬಿಡುತ್ತೀಯ. ಕಾಗದದಲ್ಲಿ ನನ್ನದೇ ರಾಜ್ಯ. ಅಂಗಡಿ ಬಾಗಿಲು ಹಾಕಿ, ಕನ್ನಡಕ ಹಾಕಿಕೊಂಡು, ನಿಧಾನವಾಗಿ ಓದು. ಆ ಹುಡುಗಿಯ ಕೈಯಲ್ಲಿ ಮಾತ್ರ ಗಟ್ಟಿಯಾಗಿ ಓದಿಸಬೇಡ, ನಾಳೆ ಬನ್ನು ಕೊಳ್ಳಲು ಬಂದವರೆಲ್ಲ ನನ್ನ ಕರುಳಿನ ಆರೋಗ್ಯ ವಿಚಾರಿಸುತ್ತಾರೆ.

ಮೊದಲು ನನ್ನ ಕೆಲಸದ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನೀನು ಕೇಳಿದವರಿಗೆಲ್ಲ "ಬಟ್ಟೆ ಫ್ಯಾಕ್ಟರಿ" ಎಂದು ಹೇಳಿ ಮುಗಿಸುತ್ತೀಯ. ನಾನು ಹೊಲಿಯುವವಳಲ್ಲ ಅಕ್ಕ, ಹಾಕಿಕೊಂಡು ನೋಡುವವಳು. ಸಾವಿರಾರು ಅಂಗಿ ಕತ್ತರಿಸುವ ಮೊದಲು ಒಂದು ಅಂಗಿ ಹೊಲಿಯುತ್ತಾರೆ, ಅದು ಸ್ಯಾಂಪಲ್. ಅದನ್ನು ನನಗೆ ತೊಡಿಸಿ, ಕೈ ಎತ್ತು, ಬಗ್ಗು, ಕೂತುಕೋ, ಬಸ್ಸಿನ ಕಂಬಿ ಹಿಡಿದ ಹಾಗೆ ಮಾಡು ಎನ್ನುತ್ತಾರೆ. ಎಲ್ಲಿ ಎಳೆಯುತ್ತದೆ, ಎಲ್ಲಿ ಸಡಿಲ ಎಂದು ನಾನು ಹೇಳಬೇಕು. ಬಟ್ಟೆ ಕತ್ತರಿಸುವ ನಕ್ಷೆ ಬರೆಯುವ ಪ್ಯಾಟರ್ನ್ ಮಾಸ್ಟರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನನ್ನ ಸುತ್ತ ಪ್ರದಕ್ಷಿಣೆ ಹಾಕುತ್ತಾ ಸರಿ ಮಾಡುತ್ತಾರೆ. ಆಮೇಲೆ ಅದೇ ಅಳತೆಗೆ ಸಣ್ಣ ಸೈಜಿನ ರಾಶಿ ರಾಶಿ ಅಂಗಿಗಳು ಹೊರಗೆ ಹೋಗುತ್ತವೆ. ಎಲ್ಲೋ ಯಾವ ಊರಿನಲ್ಲೋ ಒಬ್ಬಳು ಹಾಕಿಕೊಳ್ಳುವ ಅಂಗಿಯ ಸೊಂಟ ನನ್ನ ಸೊಂಟ ಎಂದು ನನಗೆ ಒಳಗೊಳಗೇ ಜಂಬ ಇತ್ತು.

ಫ್ಯಾಕ್ಟರಿಯಲ್ಲಿ ನನ್ನನ್ನು ಕರೆಯುವುದೇ ಗೊಂಬೆ ಎಂದು. ಡಮ್ಮಿ ಬೇರೆ ಇದೆ, ಬಟ್ಟೆ ಸುತ್ತಿದ ತಲೆಯಿಲ್ಲದ ಮುಂಡ. ಆದರೆ ಮಾಸ್ಟರಿಗೆ ಅದರ ಮೇಲೆ ನಂಬಿಕೆಯಿಲ್ಲ. "ಡಮ್ಮಿ ಉಸಿರಾಡಲ್ಲ, ಕೂರಲ್ಲ, ಅದು ಹೇಳೋದೆಲ್ಲ ಸುಳ್ಳು. ಗೊಂಬೆ ಒಂದು ಕೂದಲೆಳೆ ಆಚೀಚೆ ಆಗಿಲ್ಲ ಇವತ್ತಿನವರೆಗೂ" ಎಂದು ಹೊಸಬರಿಗೆಲ್ಲ ಪಾಠ ಮಾಡುತ್ತಿದ್ದರು. ನಿಜವೇ. ಏನು ತಿಂದರೂ, ಎಷ್ಟು ತಿಂದರೂ ನನ್ನ ಮೈ ಇದ್ದಲ್ಲೇ ಇರುತ್ತಿತ್ತು. ಬೇರೆ ಹೆಂಗಸರು ಹೊಟ್ಟೆಕಿಚ್ಚು ಪಡುತ್ತಿದ್ದರು. ಹೊಟ್ಟೆಯುಬ್ಬರ, ಬಾಯಿಹುಣ್ಣು, ಎರಡು ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ, ಇವನ್ನೆಲ್ಲ ಅವರು ನೋಡಿರಲಿಲ್ಲ.

ಹೋದ ವರ್ಷ ಸ್ಯಾಂಪಲ್ ರೂಮಿನಲ್ಲಿ ಬಿದ್ದೆ ಎಂದು ಹೇಳಿದ್ದೆನಲ್ಲ, ರಕ್ತ ಕಡಿಮೆ, ಮಾತ್ರೆ ಕೊಟ್ಟಿದ್ದಾರೆ ಎಂದು? ಅರ್ಧ ಸುದ್ದಿ ಅದು. ಮೈತುಂಬ ಗುಂಡುಸೂಜಿ ಚುಚ್ಚಿದ ಗೌನು ತೊಟ್ಟುಕೊಂಡೇ ಬಿದ್ದದ್ದು. ಮಾಸ್ಟರು "ಅಯ್ಯೋ ಸೂಜಿ! ಅಯ್ಯೋ ಗೌನು! ಅಯ್ಯೋ ಗೊಂಬೆ!" ಎಂದು ಇದೇ ಕ್ರಮದಲ್ಲಿ ಕೂಗಿದರಂತೆ. ಆಸ್ಪತ್ರೆಯಲ್ಲಿ ಈ ಸಲ ಸಿಕ್ಕಿದ್ದು ಹೊಸ ಲೇಡಿ ಡಾಕ್ಟರು. ಇಷ್ಟು ವರ್ಷ ಕಬ್ಬಿಣದ ಮಾತ್ರೆ ನುಂಗಿಯೂ ರಕ್ತ ಯಾಕೆ ಏರುತ್ತಿಲ್ಲ, ಮಾತ್ರೆ ಹೋಗುತ್ತಿರುವುದಾದರೂ ಎಲ್ಲಿಗೆ ಎಂದು ಕೇಳಿದರು. ಆ ಪ್ರಶ್ನೆಯನ್ನು ಅವರಿಗಿಂತ ಮುಂಚೆ ಯಾರೂ ಕೇಳಿರಲೇ ಇಲ್ಲ. ನನಗೂ ಹೊಳೆದಿರಲಿಲ್ಲ.

ರಕ್ತ ಪರೀಕ್ಷೆ ಮಾಡಿ, ಬಾಯಿಯಿಂದ ಒಂದು ಕೊಳವೆ ಇಳಿಸಿ ಕರುಳಿನ ಚೂರು ತೆಗೆದು ನೋಡಿ, ಸೀಲಿಯಾಕ್ ಎಂದರು. ಗೋಧಿಯೊಳಗೆ ಗ್ಲುಟನ್ ಎನ್ನುವ ಅಂಟು ಇರುತ್ತದಂತೆ, ನೀನು ಹಿಟ್ಟು ನಾದುವಾಗ ಎಳೆದರೆ ರಬ್ಬರಿನ ಹಾಗೆ ಬರುತ್ತದಲ್ಲ, ಅದೇ. ಅದನ್ನು ಕಂಡರೆ ನನ್ನ ಮೈ ತನ್ನ ಕರುಳಿನ ಮೇಲೇ ಯುದ್ಧಕ್ಕೆ ಹೋಗುತ್ತದೆ. ನಾನು ಕಣ್ಣು ಕಣ್ಣು ಬಿಟ್ಟದ್ದು ನೋಡಿ ಡಾಕ್ಟರು, "ಎಲ್ಲಿ ಕೆಲಸ?" ಎಂದರು. ಬಟ್ಟೆ ಫ್ಯಾಕ್ಟರಿ ಎಂದೆ. "ಹಾಗಾದ್ರೆ ಸುಲಭ. ಹೊಸ ಟವೆಲ್ ಮೇಲೆ ಸಣ್ಣ ಸಣ್ಣ ಎಳೆ ನಿಂತಿರುತ್ತಲ್ಲ, ಅದಕ್ಕೇ ಅದು ನೀರು ಹೀರೋದು. ಕರುಳಿನ ಒಳಗೂ ಹಾಗೇ ಇರ್ಬೇಕು. ನಿಮ್ಮದು ಸವೆದು ಬರೀ ಬಟ್ಟೆ ಆಗಿದೆ. ತಿಂದಿದ್ದೆಲ್ಲ ಮೇಲೇ ಜಾರಿ ಹೋಗ್ತಿದೆ. ಗೋಧಿ, ಬಾರ್ಲಿ ಬಿಡಿ, ಎಳೆ ಮತ್ತೆ ಬೆಳೆಯುತ್ತೆ" ಎಂದರು. ಸವೆದ ಟವೆಲ್ ಮತ್ತೆ ಹೊಸದಾಗುವುದನ್ನು ನಾನು ಯಾವ ಫ್ಯಾಕ್ಟರಿಯಲ್ಲೂ ಕಂಡಿಲ್ಲ. ನೋಡಿಯೇ ಬಿಡೋಣ ಎನ್ನಿಸಿತು.

ನಂಬುತ್ತೀಯಾ, ಗೋಧಿ ಎಲ್ಲೆಲ್ಲಿ ಬಚ್ಚಿಟ್ಟುಕೊಂಡಿರುತ್ತದೆ ಎಂದು ಹುಡುಕುವುದೇ ಒಂದು ಹುಚ್ಚಾಯಿತು. ಕ್ಯಾಂಟೀನಿನ ಸೂಪಿನಲ್ಲಿ, ಗಟ್ಟಿ ಬರಲಿ ಎಂದು ಒಂದು ಚಮಚ ಮೈದಾ. ಹುರಿದ ಆಲೂಗಡ್ಡೆಗೆ ಮೈದಾದ ಸ್ನಾನ. ನಾನು ಕ್ಯಾಂಟೀನಿನವನ ಕೈಚಮಚದ ಮೇಲೂ ಕಣ್ಣಿಡುತ್ತಿದ್ದೆ. "ಏನಮ್ಮಾ, ವಿಷ ಹಾಕ್ತೀನಿ ಅಂದ್ಕೊಂಡ್ಯಾ?" ಎಂದು ಅವನು ಸಿಡುಕಿದ. ನನ್ನ ಪಾಲಿಗೆ ಹೌದು ಎಂದೆ. ಆಮೇಲಿಂದ ನನ್ನ ಅನ್ನ, ಮೊಟ್ಟೆ, ತರಕಾರಿ ನನ್ನದೇ ಡಬ್ಬಿಯಲ್ಲಿ.

ನನ್ನ ರೂಂಮೇಟ್ ಗುಂಡು ನಿನಗೆ ಗೊತ್ತಲ್ಲ, ನಿನ್ನ ರಸ್ಕಿನ ಪೊಟ್ಟಣ ಬಂದ ದಿನ ಫೋನಿನಲ್ಲಿ ಕಿರುಚಿ ಥ್ಯಾಂಕ್ಸ್ ಹೇಳುತ್ತಿದ್ದವಳು, ಚೆಕಿಂಗ್ ಸೆಕ್ಷನ್ನಿನವಳು. ಅವಳು ಪಥ್ಯ ಎಂಬ ಮಾತು ಕೇಳಿದ್ದೇ ತಡ, "ನಾನೂ ಬಿಡ್ತೀನಿ. ನೀನು ಕಾಯಿಲೆಗೆ, ನಾನು ಸೊಂಟಕ್ಕೆ" ಎಂದು ಟೊಂಕ ಕಟ್ಟಿದಳು. ಬ್ರೆಡ್ ಬಿಟ್ಟಳು. ಬ್ರೆಡ್ಡಿನ ದುಃಖಕ್ಕೆ ಎರಡು ಪಾಲು ಅನ್ನ, ಅನ್ನದ ದುಃಖಕ್ಕೆ ಆಲೂಗಡ್ಡೆ ಚಿಪ್ಸ್. ಕಡೆಗೆ ನನ್ನ ಜೊತೆ ಡಾಕ್ಟರ ಹತ್ತಿರ ಬಂದು ತೂಕದ ಯಂತ್ರ ಹತ್ತಿ, ಇಳಿದು, ಅದನ್ನೇ ಒದೆಯುವ ಹಾಗೆ ನೋಡಿದಳು. "ನಿಮಗೆ ಕಾಯಿಲೆ ಇಲ್ಲ. ಸುಮ್ನೆ ಬ್ರೆಡ್ ತಿನ್ನಿ" ಎಂದರು ಡಾಕ್ಟರು. ಬಂದವಳೇ ನಿನ್ನ ರಸ್ಕಿನ ಡಬ್ಬಿ ಮುಂದೆ ಕೂತಳು. ಹಾಗಾಗಿ ನೀನು ಕಳಿಸಿದ ಒಂದು ಚೂರೂ ದಂಡವಾಗಿಲ್ಲ, ಎಲ್ಲ ಅವಳ ಸೊಂಟದಲ್ಲಿ ಭದ್ರವಾಗಿದೆ.

ನನ್ನ ತೂಕ ಮೊದಮೊದಲು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಹೊಟ್ಟೆ ಸುಮ್ಮನಾಯಿತು ಅಷ್ಟೆ. ಆಮೇಲೆ ಹಸಿವು ಬಂತು ನೋಡು! ನನಗೆ ಹಸಿವು ಎಂದರೆ ಏನೆಂದೇ ಗೊತ್ತಿರಲಿಲ್ಲ ಅಕ್ಕ. ಊಟ ಎಂದರೆ ಒಂದು ಕೆಲಸ ಎಂದುಕೊಂಡಿದ್ದೆ. ಈಗ ಗಡಿಯಾರ ಹನ್ನೊಂದು ಹೊಡೆದರೆ ನನ್ನ ಹೊಟ್ಟೆ ಪಕ್ಕದವರಿಗೆ ಕೇಳುವ ಹಾಗೆ ಮಾತಾಡುತ್ತದೆ. ಮೂರು ನಾಲ್ಕು ತಿಂಗಳಾದ ಮೇಲೆ ತೂಕದ ಮುಳ್ಳು ಮೆಲ್ಲಗೆ ಮೇಲೇರತೊಡಗಿತು. ಎಲ್ಲರಿಗೂ ಹೀಗೇ ಆಗುತ್ತದಾ ಎಂದು ಡಾಕ್ಟರನ್ನು ಕೇಳಿದೆ. "ಇಲ್ಲಮ್ಮ. ದಪ್ಪ ಇದ್ದು ಇಳಿದವರೂ ಇದ್ದಾರೆ, ಒಂದಿಂಚೂ ಅಲುಗದವರೂ ಇದ್ದಾರೆ. ನೀವು ಎಷ್ಟಕ್ಕೆ ನಿಲ್ತೀರೋ ನನಗೂ ಗೊತ್ತಿಲ್ಲ" ಎಂದರು. ನನ್ನ ಮೈಯ ಅಸಲಿ ಸೈಜು ಯಾವುದು ಎಂದು ಊರಿಗೆಲ್ಲ ಅಳತೆ ಕೊಟ್ಟವಳಿಗೇ ಗೊತ್ತಿಲ್ಲ. ಎಂಥ ತಮಾಷೆ!

ದಿನಾ ಒಂದು ಹೊಸ ಸುದ್ದಿ. ಮಣಿಕಟ್ಟಿನ ಮೂಳೆ ಎಲ್ಲೋ ಒಳಗೆ ಹೋಯಿತು, ಗಡಿಯಾರದ ಬೆಲ್ಟಿಗೆ ಆಚೆಯ ತೂತು ಬೇಕಾಯಿತು. ಒಂದು ಮಗ್ಗುಲಿಗೆ ಮಲಗಿದರೆ ಮಂಡಿಗೆ ಮಂಡಿ ಒತ್ತಿ ನೋಯುತ್ತಿತ್ತಲ್ಲ, ನಡುವೆ ಬಟ್ಟೆ ಸಿಕ್ಕಿಸಿಕೊಳ್ಳುತ್ತಿದ್ದೆ, ಈಗ ಬೇಡ. ಮರದ ಬೆಂಚಿನ ಮೇಲೆ ಎಷ್ಟು ಹೊತ್ತಾದರೂ ಕೂರಬಹುದು, ಕೆಳಗೆ ನನ್ನದೇ ದಿಂಬು. ಕೆಳಮನೆಯ ಬೆಕ್ಕು ಗುಂಡುವಿನ ತೊಡೆ ಬಿಟ್ಟು ನನ್ನ ತೊಡೆ ಹತ್ತಿತು, ಅವಳು ಎರಡು ದಿನ ಬೆಕ್ಕಿನ ಜೊತೆ ಟೂ ಬಿಟ್ಟಿದ್ದಳು. ಬಾಗಿಲು ಹಾಕಿ ಕನ್ನಡಿಯ ಮುಂದೆ ನಿಂತು ನನ್ನ ತೋಳನ್ನು ನಾನೇ ಹಿಂಡಿ ನೋಡುತ್ತೇನೆ, ಯಾರದಪ್ಪಾ ಇದು ಎಂದು. ನಾಚಿಕೆಯೂ ಆಗುತ್ತದೆ, ಕುಣಿಯುವಷ್ಟು ಖುಷಿಯೂ ಆಗುತ್ತದೆ. ಕೋಪ ಮಾತ್ರ ಜಾಸ್ತಿಯಾಗಿದೆ. ಮೊದಲು ಕೋಪ ಮಾಡಿಕೊಳ್ಳುವಷ್ಟು ರಕ್ತ ಇರಲಿಲ್ಲ ಅನ್ನಿಸುತ್ತದೆ.

ಈಗ ಫ್ಯಾಕ್ಟರಿಯ ಕಥೆ. ಒಂದು ದಿನ ಪ್ಯಾಂಟಿನ ಸ್ಯಾಂಪಲ್ ಬಂತು. ಹಾಕಿಕೊಂಡೆ, ಸೊಂಟದ ಗುಂಡಿ ಕೂರಲಿಲ್ಲ. ಮಾಸ್ಟರು ಹುಬ್ಬು ಗಂಟಿಕ್ಕಿ, "ಬಟ್ಟೆ ಕುಗ್ಗಿದೆ" ಎಂದು ತೀರ್ಪು ಕೊಟ್ಟರು. ವಾಷಿಂಗ್ ಸೆಕ್ಷನ್ನಿನವರಿಗೆ ಮಂಗಳಾರತಿ ಆಯಿತು. ಹೊಸ ಬಟ್ಟೆಯಲ್ಲಿ ಹೊಲಿದರು, ಅದೂ ಬಿಗಿ. ಹೊಲಿದವಳು ಅಂಚು ಜಾಸ್ತಿ ತಿಂದಿದ್ದಾಳೆ ಎಂದು ಅವಳಿಗೆ ಬೈಗುಳ. ಆಮೇಲೆ ಟೇಪೇ ಹಳೆಯದಾಗಿ ಕುಗ್ಗಿದೆ ಎಂದು ಹೊಸ ಟೇಪು ತರಿಸಿದರು. ನಾನು ಮೆಲ್ಲಗೆ, "ಮಾಸ್ಟ್ರೇ, ನಾನೇ ಏನಾದ್ರೂ..." ಎಂದೆ. "ಪಥ್ಯ ಮಾಡೋರು ಯಾರಾದ್ರೂ ದಪ್ಪ ಆಗ್ತಾರೇನೇ? ಇಳೀಬೇಕು. ಸುಮ್ನೆ ನಿಂತ್ಕೋ" ಎಂದು ನನ್ನ ಬಾಯಿ ಮುಚ್ಚಿಸಿದರು.

ಕೇಳು, ಇನ್ನೂ ಇದೆ. ಅದೇ ಪ್ಯಾಂಟನ್ನು ಡಮ್ಮಿಗೆ ಹಾಕಿದರೆ ಸರಿಯಾಗಿ ಕೂತಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ತಿಳಿದುಕೊಳ್ಳುತ್ತಿದ್ದರು. ನಮ್ಮ ಮಾಸ್ಟರು, "ನೋಡಿ, ಡಮ್ಮಿ ಒಳಗೆ ಹತ್ತಿ ಕೂತುಬಿಟ್ಟಿದೆ" ಎಂದು ಡಮ್ಮಿಯನ್ನೇ ರಿಪೇರಿಗೆ ಕಳಿಸಿದರು! ಅದರ ಸೊಂಟಕ್ಕೆ ಹತ್ತಿ ಸುತ್ತಿಸಿ, ನನ್ನ ಪಕ್ಕ ನಿಲ್ಲಿಸಿ, ಇಬ್ಬರನ್ನೂ ಸಮ ಮಾಡಿದರು. ಪ್ಯಾಟರ್ನೂ ಆ ಲೆಕ್ಕಕ್ಕೇ ಬಿಡಿಸಿದರು. ಗುಂಡು ಚೆಕಿಂಗ್ ಟೇಬಲ್ಲಿನಿಂದ ನನ್ನ ಕಡೆ ನೋಡಿ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ನಗು ನನಗೂ ಬಂತು, ಜೊತೆಗೆ ಭಯವೂ ಶುರುವಾಯಿತು. ನನ್ನ ಇಡೀ ಬದುಕು ಆ ಕೋಣೆಯಲ್ಲಿ ನಿಂತದ್ದೇ ನಾನು ಬದಲಾಗುವುದಿಲ್ಲ ಎನ್ನುವುದರ ಮೇಲೆ.

ಸ್ಯಾಂಪಲ್ಲುಗಳು ನಮ್ಮ ಬಟ್ಟೆ ಕೊಳ್ಳುವ ಬಯರ್ ಕಂಪನಿಗೆ ಹೋದವು, ಹೋದಷ್ಟೇ ಬೇಗ ವಾಪಸ್ಸು ಬಂದವು. ಒಂದೊಂದರಲ್ಲೂ ಸೊಂಟ ದೊಡ್ಡದು, ತೋಳು ದೊಡ್ಡದು, ಇದು ನಮ್ಮ ಸಣ್ಣ ಸೈಜೇ ಅಲ್ಲ ಎಂದು ಬರೆದಿದ್ದರು. ಮಾಸ್ಟರು ಅದನ್ನು ಓದಿ ತಲೆ ಮೇಲೆ ಕೈ ಹೊತ್ತು ಕೂತರು. ಆಮೇಲೆ ಎದ್ದು ಬಂದು, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ, ನನ್ನನ್ನೇ ಅಳೆದರು. ಮತ್ತೆ ಅಳೆದರು. ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. "ಗೊಂಬೆ," ಎಂದರು, "ನೀನು ದಪ್ಪ ಆಗಿದ್ದೀಯಲ್ಲೇ!" ಯಾರೋ ಸತ್ತ ಸುದ್ದಿ ಹೇಳಿದ ಹಾಗಿತ್ತು ಆ ದನಿ. ಗುಂಡುವಿಗೆ ತಡೆಯಲಾಗಲಿಲ್ಲ, ಚೆಕಿಂಗ್ ಸೆಕ್ಷನ್ ಪೂರ್ತಿ ಗೊಳ್ಳೆಂದಿತು. ನಾನೂ ನಕ್ಕೆ. ಮಾಸ್ಟರು ನಗಲಿಲ್ಲ, ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತು, "ಈಗ ಉಸಿರಾಡೋಕೆ ಸರಿ ಹೋಗುತ್ತಾ? ಕಣ್ಣು ಕತ್ತಲೆ ಬರಲ್ವಾ?" ಎಂದು ಕೇಳಿದರು. ಒಳ್ಳೆಯ ಮನುಷ್ಯ.

ಮ್ಯಾನೇಜರು ಅಷ್ಟು ಒಳ್ಳೆಯವರಲ್ಲ, ಕೆಟ್ಟವರೂ ಅಲ್ಲ. ಕರೆಸಿ ಕೂರಿಸಿ, ಟೀ ತರಿಸಿ ಕೇಳಿದರು. ಮುಂದಿನ ತಿಂಗಳು ಬಯರ್ ಕಡೆಯವರೇ ಬಂದು ನನ್ನ ಮೇಲೆ ಹೊಸ ಬಟ್ಟೆಗಳನ್ನೆಲ್ಲ ನೋಡುವವರಿದ್ದರು. "ಒಂದೇ ತಿಂಗಳು ಆ ಪಥ್ಯ ಬಿಟ್ಬಿಡಮ್ಮ. ಮೊದಲು ತಿಂತಿದ್ದಿದ್ದೇ ತಿನ್ನು, ತಾನಾಗೇ ಇಳೀತೀಯ. ಅವರು ಬಂದು ಹೋದ್ಮೇಲೆ ಏನು ಬೇಕಾದ್ರೂ ಮಾಡ್ಕೋ. ಇಲ್ಲಾಂದ್ರೆ ನಿನ್ನ ಲೈನಿಗೆ ಹಾಕ್ಬೇಕಾಗುತ್ತೆ, ನನ್ನ ಕೈಲಿ ಏನಿಲ್ಲ" ಎಂದರು. ಲೈನು ಎಂದರೆ ಏನು ಗೊತ್ತಾ ಅಕ್ಕ? ಸ್ಯಾಂಪಲ್ ರೂಮಿನಲ್ಲಿ ಕಿಟಕಿಯಿದೆ, ಫ್ಯಾನಿದೆ, ಗೊಂಬೆ ಎಂದು ಕರೆಯುವವರಿದ್ದಾರೆ. ಲೈನಿನಲ್ಲಿ ಗಂಟೆಗೆ ಇಷ್ಟು ಕಾಲರ್ ಎಂದರೆ ಇಷ್ಟು ಕಾಲರ್, ತಲೆ ಎತ್ತಿದರೆ ಸೂಪರ್‌ವೈಸರ್ ಕೂಗು. ಈ ವಯಸ್ಸಿನಲ್ಲಿ ನಾನು ಮತ್ತೆ ಅಲ್ಲಿಗೆ ಹೋಗಬೇಕೇ?

ಅದೇ ವಾರ ನಿನ್ನ ಫೋನು. ಒಂದೇ ವಾರದಲ್ಲಿ ಇಬ್ಬರು ನನಗೆ ಗೋಧಿ ತಿನ್ನು ಎಂದರು, ಒಬ್ಬರು ಮ್ಯಾನೇಜರು, ಒಬ್ಬಳು ನೀನು. ಸುಳ್ಳು ಯಾಕೆ ಹೇಳಲಿ, ತಿನ್ನೋಣ ಅನ್ನಿಸಿತು. ಕ್ಯಾಂಟೀನಿಗೆ ಹೋಗಿ ಬನ್ನಿನ ತಟ್ಟೆಯ ಮುಂದೆ ನಿಂತೆ. ಬಿಸಿ ಬನ್ನಿನ ವಾಸನೆ ಎಂದರೆ ನನಗೆ ನೀನೇ. ನೀನು ಸಂಜೆ ಮನೆಗೆ ಬಂದರೆ ನಿನ್ನ ಸೀರೆಯಲ್ಲಿ ಇರುತ್ತಿದ್ದದ್ದು ಅದೇ ವಾಸನೆ. ಒಂದು ತಿಂಗಳು ಅದನ್ನು ತಿಂದರೆ ಕಿಟಕಿಯೂ ಉಳಿಯುತ್ತದೆ, ಅಕ್ಕನೂ ಮಾತಾಡುತ್ತಾಳೆ. ಕೈ ಚಾಚಿಯೂ ಇದ್ದೆ. ಆಗ ಹಿಂದೆ ನಿಂತಿದ್ದವಳು, "ತಗೊಳ್ಳೋದಾದ್ರೆ ಬೇಗ ತಗೊಳ್ಳೇ, ನಮಗೂ ಹಸಿವು" ಎಂದಳು. ನನಗೂ ಹಸಿವಾಗಿತ್ತು, ಆ ಹೊಸ ಹಸಿವು. ಅದನ್ನು ಮತ್ತೆ ಕಳಕೊಳ್ಳುತ್ತೇನೆ ಎಂದು ಅನ್ನಿಸಿದ ಕೂಡಲೇ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟೆ.

ಆದರೂ ನನ್ನದು ಸುಮ್ಮನಿರುವ ಜೀವವಲ್ಲ. ಒಂದು ತಿಂಗಳು ತಿಂದರೆ ಏನಾಗುತ್ತದೆ ಎಂದು ಡಾಕ್ಟರನ್ನೇ ಕೇಳಿದೆ. "ಟವೆಲ್ ಮತ್ತೆ ಬೋಳಾಗುತ್ತೆ. ಮತ್ತೆ ಬೆಳೆಸೋಕೆ ಇಷ್ಟೇ ಕಾಯ್ಬೇಕು. ಯಾಕೆ, ಯಾರಿಗೋಸ್ಕರ?" ಎಂದರು. ಮಾರನೆಯ ದಿನ ಮ್ಯಾನೇಜರ ಕೋಣೆಗೆ ಹೋಗಿ, ನನ್ನನ್ನು ಕಾಲರ್ ಸೆಕ್ಷನ್ನಿಗೇ ಹಾಕಿ ಎಂದೆ. ಮ್ಯಾನೇಜರಿಗೆ ಬೇಡ ಎನ್ನುವುದು ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ. ನಿನಗೆ ಬೇಡ ಎನ್ನುವುದಕ್ಕೆ ಇಷ್ಟುದ್ದದ ಕಾಗದ ಬೇಕಾಯಿತು.

ಈಗ ಕಾಲರ್ ಹೊಲಿಯುತ್ತಿದ್ದೇನೆ. ಮೊದಲ ವಾರ ಬೆರಳಿಗೆ ಸೂಜಿ ಹೊಕ್ಕಿತು, ಟಾರ್ಗೆಟ್ ಮುಟ್ಟಲಿಲ್ಲ, ಶೌಚಾಲಯದಲ್ಲಿ ಕೂತು ಅತ್ತೆ. ಈಗ ಪರವಾಗಿಲ್ಲ. ಸ್ಯಾಂಪಲ್ ರೂಮಿಗೆ ಹೊಸ ಗೊಂಬೆ ಬಂದಿದ್ದಾಳೆ, ಇಪ್ಪತ್ತರ ಹುಡುಗಿ, ನನ್ನ ಹಳೆಯ ಸೊಂಟವನ್ನೇ ಸಾಲ ಪಡೆದವಳಂತೆ ಇದ್ದಾಳೆ. ಅವಳನ್ನು ಹಿಡಿದು ನಿಲ್ಲಿಸಿ, ಹೊಟ್ಟೆ ಉಬ್ಬುತ್ತಾ, ಬಾಯಿ ಹುಣ್ಣಾಗುತ್ತಾ, ಮೆಟ್ಟಿಲು ಹತ್ತಿದರೆ ಕತ್ತಲೆ ಬರುತ್ತಾ ಎಂದು ಪೊಲೀಸಿನವರ ಹಾಗೆ ವಿಚಾರಿಸಿದೆ. "ಏನೂ ಇಲ್ಲಕ್ಕಾ, ನಮ್ಮಮ್ಮನೂ ಹಿಂಗೇ ಇದ್ದಾಳೆ, ಕಲ್ಲು ತಿಂದು ಅರಗಿಸ್ಕೊತೀವಿ" ಎಂದು ಓಡಿಹೋದಳು. ಇರಲಿ, ಕೇಳುವುದು ನನ್ನ ಧರ್ಮ. ಮಾಸ್ಟರು ಆಗಾಗ ಲೈನಿನ ಹತ್ತಿರ ಬಂದು ನಿಲ್ಲುತ್ತಾರೆ. ಮೊನ್ನೆ ಒಂದು ಅಂಗಿ ತಂದು ಕೊಟ್ಟರು, ಅವರೇ ಕತ್ತರಿಸಿದ್ದು, ನನ್ನ ಈಗಿನ ಅಳತೆಗೆ. "ಮತ್ತೆ ಬಿಗಿ ಆದ್ರೆ ಹೇಳು, ಒಳಗೆ ಅಂಚು ಬಿಟ್ಟಿದ್ದೀನಿ" ಎಂದರು.

ಅಕ್ಕ, ಡಾಕ್ಟರು ನಿನ್ನ ವಿಷಯವೂ ಹೇಳಿದ್ದಾರೆ. ಇದು ಒಡಹುಟ್ಟಿದವರಲ್ಲೂ ಇರಬಹುದಂತೆ, ಮೈ ಸಣ್ಣಗಿರಲಿ ದಪ್ಪಗಿರಲಿ. ಒಂದು ಸಲ ರಕ್ತ ಕೊಟ್ಟು ಬಾ. ಆದರೆ ನನ್ನ ಮೇಲಿನ ಪ್ರೀತಿಗೋ ಹಟಕ್ಕೋ ಈಗಲೇ ಬ್ರೆಡ್ ಬಿಟ್ಟುಬಿಡಬೇಡ, ತಿನ್ನುತ್ತಿರುವಾಗ ಪರೀಕ್ಷೆ ಮಾಡಿದರೇ ಸರಿಯಾಗಿ ಗೊತ್ತಾಗುವುದು. ನಿನ್ನ ಕೈ ಹಿಟ್ಟಿನ ಬಗ್ಗೆ ನನಗೆ ಯಾವ ದೂರೂ ಇಲ್ಲ. ಊರೆಲ್ಲ ತಿಂದು ಹರಸುವ ಕೈ ಅದು. ಗುಂಡು ಕೇಳುತ್ತಿದ್ದಾಳೆ, ಪೊಟ್ಟಣದ ಮೇಲೆ ಅವಳ ವಿಳಾಸ ಬರೆದರೆ ಸಾಕಂತೆ.

ನೀನು ಚೆನ್ನಾಗಿರಬೇಕು. ಮಂಡಿಗೆ ಎಣ್ಣೆ ಹಚ್ಚಿಕೋ, ಓವನ್ ಮುಂದೆ ಸ್ಟೂಲ್ ಹಾಕಿಕೊಂಡು ಕೂರು. ನನ್ನ ತಲೆಯ ಮೇಲೆ ನಿನ್ನ ಕೈ ಯಾವತ್ತೂ ಇದ್ದೇ ಇದೆ, ಕೋಪದಲ್ಲಿ ಆಚೆ ತೆಗೆಯಬೇಡ. ಫೋನು ಎತ್ತು.

ನಿನ್ನ ಪ್ರೀತಿಯ ತಂಗಿ,
ಕಡ್ಡಿ
(ಬೇರೆ ಹೆಸರು ಹುಡುಕಬೇಕಾಗುತ್ತದೆ)

ತಾ.ಕ.: ಸಹಿ ಹಾಕಿದ ಮೇಲೆ ಎದ್ದು ಹೋಗಿ, ಮತ್ತೆ ಬಂದು ಕೂತಿದ್ದೇನೆ. ಹೇಳಬೇಕಾದದ್ದು ಹೇಳಲಿಲ್ಲ.

ಓವನ್ ರಿಪೇರಿಗೆ ಬರುತ್ತಿದ್ದರಲ್ಲ, ನಿನಗೆ ಇಷ್ಟವಾಗಿದ್ದವರು, ಅವರು ತಮ್ಮ ತಾಯಿಯನ್ನೂ ಅಕ್ಕನನ್ನೂ ಕರೆದುಕೊಂಡು ನಿನ್ನನ್ನು ಕೇಳಲು ನಮ್ಮ ಮನೆಗೆ ಬಂದ ದಿನ ನಾನು ಕಿಟಕಿಯ ಪಕ್ಕ ಕೂತಿದ್ದೆ. ಎಂಟು ವರ್ಷದವಳಿಗೆ ಏನೂ ತಿಳಿಯುವುದಿಲ್ಲ ಎಂದುಕೊಂಡಿದ್ದೀಯ. ಆ ತಾಯಿ ನನ್ನ ತೋಳನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದರು. ಮೆಟ್ಟಿಲು ಇಳಿಯುವಾಗ, ನಿನಗೆ ಕೇಳಲಿ ಎಂದೇ, "ಬೇಕರಿ ಕೆಲ್ಸ ಮಾಡ್ಕೊಂಡು ಒಂದು ಮಗೂನ ಹಿಂಗೆ ಹಸಿವಲ್ಲಿಟ್ಟೋಳು, ನಾಳೆ ನಮ್ಮನೆ ಮಕ್ಕಳನ್ನ ಏನು ಸಾಕ್ತಾಳೆ?" ಎಂದರು. ಅವರ ಮಗ ತಮ್ಮ ಚಪ್ಪಲಿ ನೋಡುತ್ತಾ ನಿಂತಿದ್ದರು. ನೀನು ಬಾಗಿಲು ಹಾಕಿದೆ. ನನಗೆ ಬೈಯಲಿಲ್ಲ. ಹಾಲಿಗೆ ಸಕ್ಕರೆ ಹಾಕಿ, ಬ್ರೆಡ್ ಅದ್ದಿ, ನನಗೆ ತಿನ್ನಿಸಿದೆ. ಸಾಕು ಎಂದರೂ ಇನ್ನೊಂದು ತುತ್ತು, ಇನ್ನೊಂದು ತುತ್ತು ಎಂದೆ. ಆಮೇಲೆ ಆ ಸಂಬಂಧ ಯಾಕೆ ಮುರಿಯಿತು ಎಂದು ಕೇಳಿದವರಿಗೆಲ್ಲ "ನನಗೇ ಬೇಡ ಅನ್ನಿಸ್ತು" ಎಂದೆ. ಇವತ್ತಿಗೂ ಹಾಗೇ ಹೇಳುತ್ತೀಯ.

ಇದನ್ನೆಲ್ಲ ಡಾಕ್ಟರಿಗೆ ಹೇಳಿದೆ ಅಕ್ಕ, ಬೇರೆ ಯಾರಿಗೂ ಹೇಳಿಲ್ಲ. "ಆ ಮಗುಗೆ ಯಾರು ಎಷ್ಟು ತಿನ್ನಿಸಿದ್ರೂ ಮೈಗೆ ಹತ್ತುತ್ತಿರಲಿಲ್ಲ. ಸಾಕಿದವರ ತಪ್ಪಿಲ್ಲ" ಎಂದರು. ಇನ್ನೊಂದು ಸಲ ಹೇಳಿ ಎಂದೆ. ಇನ್ನೊಂದು ಸಲ ಹೇಳಿದರು. ನೀನು ಫೋನು ಇಟ್ಟದ್ದು ರಸ್ಕಿನ ಸಿಟ್ಟಿಗಲ್ಲ ಎಂದು ನನಗೆ ಗೊತ್ತು. ತಿನ್ನಿಸಿದ್ದೇ ನಾನು, ಕೆಡಿಸಿದ್ದೂ ನಾನೇನಾ ಎಂದು ನಿನಗೆ ಅನ್ನಿಸಿತು. ಹಾಗೆ ಅಂದುಕೊಳ್ಳಬೇಡ. ಯಾರಿಗೂ ಗೊತ್ತಿರಲಿಲ್ಲ. ನೀನು ಕೊಡದಿದ್ದರೆ ನಾನು ಉಳಿಯುತ್ತಲೇ ಇರಲಿಲ್ಲ.

ಆ ತಾಯಿ ಇನ್ನೂ ಇದ್ದಾರಂತೆ, ಅದೇ ಬೀದಿಯ ಮನೆಯಲ್ಲಿ. ಶನಿವಾರ ರಜೆ ಹಾಕಿ ಮುಂದಿನ ಭಾನುವಾರ ಬರುತ್ತೇನೆ. ಇಬ್ಬರೂ ಅಲ್ಲಿಗೆ ಹೋಗೋಣ. ಮಾಸ್ಟರು ಹೊಲಿದುಕೊಟ್ಟ ಅಂಗಿ ಹಾಕಿಕೊಂಡು ಅವರ ಎದುರು ನಿಂತು, ನಮ್ಮಕ್ಕ ಸಾಕಿದ ಮಗು ನಾನೇ ಎಂದು ಹೇಳಬೇಕು. ನೀನೇನೂ ಮಾತಾಡುವುದು ಬೇಡ, ಪಕ್ಕದಲ್ಲಿ ನಿಂತಿರು.